ಭಾಗ ಎರಡರ ನಡಿಗೆ

ಮಾರ್ಚ್ ೩

ಅಮ್ಮಾ,

ಫೋನು ಮಾಡುವುದು ಬಿಟ್ಟು ಇದೇನು ಕಾಗದ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡ. ಫೋನು ಮಾಡಿದರೆ ಅಪ್ಪ ಎತ್ತುತ್ತಾರೆ. ಅವರಿಗೆ ಮಾತು ಸಿಗುವುದಿಲ್ಲ. ನಾನು ಅವಸರಪಟ್ಟು ಆ ಮಾತನ್ನು ತುಂಬಿಸಿಕೊಡುತ್ತೇನೆ, ಅವರು ಸಿಟ್ಟಾಗಿ ಇಟ್ಟುಬಿಡುತ್ತಾರೆ. ಲಕ್ವ ಹೊಡೆದ ಮೇಲೆ ನಮ್ಮಿಬ್ಬರ ಮಾತುಕತೆ ಅಂದರೆ ಇಷ್ಟೇ ಆಗಿದೆ.

ವಿಷಯಕ್ಕೆ ಬರುತ್ತೇನೆ. ನಾನು ನಟಿಸಿದ ಚಿತ್ರದ ಎರಡನೇ ಭಾಗ ಕಳೆದ ವಾರ ತೆರೆಗೆ ಬಂತು. ಊರಿನಲ್ಲೂ ಓಡುತ್ತಿದೆಯಂತೆ. ನಟಿಸಿದೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಮೊದಲ ಭಾಗದಂತೆ ಇದರಲ್ಲೂ ನಾನು ರಬ್ಬರಿನ ಚರ್ಮದೊಳಗೆ ಇರುವವಳು, ನನ್ನ ಒಂದು ಉಗುರೂ ಯಾರಿಗೂ ಕಾಣುವುದಿಲ್ಲ. ಹಾಳುಬಿದ್ದ ಒಂದು ಬಾಹ್ಯಾಕಾಶ ನೌಕೆ, ಅದರ ಕತ್ತಲಲ್ಲಿ ಒಂದು ಪ್ರಾಣಿ. ಹೆಸರಿಲ್ಲದ್ದರಿಂದ ಎಲ್ಲರೂ ಅದನ್ನು 'ಅದು' ಎನ್ನುತ್ತಾರೆ. ಮೊದಲ ಭಾಗದಲ್ಲಿ ಅದು ಗೋಡೆ ಹತ್ತಿ, ಹಾರಿ, ಸಿಕ್ಕವರನ್ನೆಲ್ಲ ಮುಗಿಸಿತ್ತು. ಈ ಸಲ ಅದಕ್ಕೆ ಗಾಯವಾಗಿದೆ, ವಯಸ್ಸಾಗಿದೆ. ಕೊನೆಯಲ್ಲಿ ಉದ್ದನೆಯ ಒಂದು ಕಾರಿಡಾರಿನಲ್ಲಿ ನಡೆದುಕೊಂಡೇ ಬರುತ್ತದೆ. ಸಂಗೀತವಿಲ್ಲ, ಕಿರುಚಾಟವಿಲ್ಲ, ಬರೀ ನಡಿಗೆ.

ಆ ನಡಿಗೆಯ ವಿಷಯದಲ್ಲಿ ಜನ ಎರಡು ಪಾಲಾಗಿದ್ದಾರೆ. ಇಂಥ ಭಯಾನಕ ದೃಶ್ಯ ನೋಡಿಯೇ ಇಲ್ಲ ಎಂದು ಒಂದು ಪತ್ರಿಕೆ ಬರೆದರೆ, ಕುಂಟುವ ಭೂತಕ್ಕೆ ಹೆದರುವವರು ಯಾರು ಎಂದು ಇನ್ನೊಂದು ಪತ್ರಿಕೆ ಮೂಗು ಮುರಿದಿದೆ. ನಿರ್ದೇಶಕರ ತಲೆ ಕೆಟ್ಟಿದೆ. ಮೂರನೇ ಭಾಗಕ್ಕೆ ಜೂನಿನಲ್ಲಿ ನನ್ನ ಸಹಿ ಬೇಕಂತೆ, ಆ ನಡಿಗೆ ಇರಬೇಕೋ ಬೇಡವೋ ಎಂದು ನನ್ನನ್ನೇ ಕೇಳುತ್ತಿದ್ದಾರೆ. ನಿನ್ನ ಪಾರ್ಲರಿನ ಕುರ್ಚಿಯಲ್ಲಿ ಕೂತವರು ಬಾಯಿ ಬಿಡದೆ ಮೇಲೇಳುವುದಿಲ್ಲವಲ್ಲ, ಅವರು ಏನು ಹೇಳುತ್ತಾರೆ ಕೇಳಿ ಬರೆ. ಬೆಣ್ಣೆ ಹಚ್ಚದೆ ಬರೆ.

ನೀನು ಮಾತ್ರ ನೋಡಲು ಹೋಗಬೇಡ. ಚಿತ್ರವಿಡೀ ಕತ್ತಲು, ನಿನಗೆ ತಲೆನೋವು ಬರುತ್ತದೆ.

ಅವಸರದಲ್ಲಿ,
ನಿನ್ನ ಬುಗುರಿ


ಮಾರ್ಚ್ ೧೨

ಬುಗುರಿ,

ನಿನ್ನ ಅಪ್ಪಣೆಯಂತೆ ಗೂಢಚಾರಿಕೆ ಶುರುಮಾಡಿದ್ದೇನೆ. ಕತ್ತರಿ ಕಿವಿಯ ಪಕ್ಕದಲ್ಲೇ ಇರುವಾಗ ಯಾರೂ ಸುಳ್ಳು ಹೇಳುವ ಧೈರ್ಯ ಮಾಡುವುದಿಲ್ಲ. ಈ ಸಲವೂ ಒಳಗಿರುವುದು ನನ್ನ ಮಗಳೇ ಎಂದು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಿಟ್ಟಿದ್ದರೆ ಎಲ್ಲರೂ ನಿನ್ನನ್ನು ಹೊಗಳಿ ನನ್ನ ಹತ್ತಿರ ರಿಯಾಯಿತಿ ಕೇಳುತ್ತಿದ್ದರು.

ಮೊದಲು ಸಿಕ್ಕವಳು ಬ್ಯಾಂಕಿನವಳು. ಅವಳಿಗೆ ಚೂರೂ ಹಿಡಿಸಿಲ್ಲ. "ಮೊದಲನೇದ್ರಲ್ಲಿ ಚಪ್ಪಲಿ ಬಿಟ್ಟು ಓಡೋ ಹಾಗಾಗಿತ್ತು. ಇದ್ರಲ್ಲಿ ಅದು ಆ ಕಡೆಯಿಂದ ಈ ಕಡೆ ಬರೋಷ್ಟ್ರಲ್ಲಿ ನಾನು ಮನೆಗೆ ಹೋಗಿ ಅಡುಗೆ ಮುಗಿಸಿ ಬರಬಹುದಿತ್ತು," ಅಂದಳು. ಅವಳ ಜತೆ ಬಂದು, ತಲೆಗೆ ಬಣ್ಣ ಮೆತ್ತಿಸಿಕೊಂಡು ಪಕ್ಕದಲ್ಲಿ ಕೂತಿದ್ದ ಗೆಳತಿಗೆ ಅದನ್ನು ಕೇಳಿ ಎಲ್ಲಿಲ್ಲದ ಸಿಟ್ಟು ಬಂತು. ಅವಳು ಆ ದೃಶ್ಯಕ್ಕೆ ಬಿಕ್ಕಿ ಬಿಕ್ಕಿ ಅತ್ತಿದ್ದಳಂತೆ. ನಿನ್ನದು ಕಲ್ಲೆದೆ ಅಂತ ಇವಳು, ನಿನ್ನದು ಅಳುಮುಂಜಿ ಬುದ್ಧಿ ಅಂತ ಅವಳು. ವರ್ಷಗಟ್ಟಲೆ ಶನಿವಾರ ಜೋಡಿಯಾಗಿ ಬರುತ್ತಿದ್ದವರು ಈಗ ಬ್ಯಾಂಕಿನವಳು ಶನಿವಾರ, ಅತ್ತವಳು ಭಾನುವಾರ. ಅವಳೇನಂದಳು ಅಂತ ಇವಳು ನನ್ನನ್ನು ಕೇಳುತ್ತಾಳೆ, ಇವಳೇನಂದಳು ಅಂತ ಅವಳು.

ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು ಎರಡು ಸಲ ನೋಡಿದ್ದಾರೆ. ಯಾಕೆ ಅಂದರೆ ಅವರಿಗೇ ಗೊತ್ತಿಲ್ಲ. ಔಷಧಿ ಅಂಗಡಿಯವಳ ಗಂಡ ಮಧ್ಯದಲ್ಲೇ ಎದ್ದುಬಂದನಂತೆ, ಅವಳು ಕೊನೆಯ ಹೆಸರು ಬರುವತನಕ ಕೂತಿದ್ದಳಂತೆ. ಆಸ್ಪತ್ರೆಯ ನರ್ಸಿಗೆ ಇಷ್ಟವಾಗಿರುತ್ತದೆ ಎಂದು ನನ್ನ ಲೆಕ್ಕ. ಅವಳದು ಮೆತ್ತನೆ ಮನಸ್ಸು. ಕೇಳಿದ್ದೇ ತಡ, ಮುಖ ಗಂಟುಹಾಕಿಕೊಂಡು, ವಾರ್ಡಿನಲ್ಲಿ ದಿನವಿಡೀ ನೋಡುವುದನ್ನೇ ದುಡ್ಡು ಕೊಟ್ಟು ನೋಡಬೇಕಾ ಅಂದಳು. ವಾರ್ಡಿನಲ್ಲಿ ಏನು ನೋಡುತ್ತೀಯ ಎಂದು ಕೆದಕಿದೆ. ಕೂದಲು ಕತ್ತರಿಸಿ ಸಾಕು ಅಂದಳು.

ನನ್ನ ತಲೆಗೆ ಹುಳ ಬಿಟ್ಟುಬಿಟ್ಟೆಯಲ್ಲ ಮಾರಾಯ್ತಿ. ವಯಸ್ಸಿನ ಪ್ರಕಾರ ಪಾಲಾಗಿದ್ದಾರಾ ನೋಡಿದೆ, ಇಲ್ಲ. ಪುಕ್ಕಲರು ಒಂದು ಕಡೆ, ಗಟ್ಟಿಗಿತ್ತಿಯರು ಒಂದು ಕಡೆಯಾ ನೋಡಿದೆ, ಅದೂ ಇಲ್ಲ. ಬರೀ ಒಂದು ನಡಿಗೆಗೆ ಇಷ್ಟು ಜಗಳ ಯಾಕೆ?

ಅಪ್ಪ ದಿನಾ ನನ್ನ ಮುಂದೆ ಎರಡು ಬೆರಳು ಎತ್ತಿ ತೋರಿಸುತ್ತಾರೆ. ಭಾಗ ಎರಡಕ್ಕೆ ಯಾವಾಗ ಹೋಗೋಣ ಅಂತ. ಮೊದಲ ಭಾಗಕ್ಕೆ ಸ್ಕೂಲಿನ ಸ್ಟಾಫ್ ರೂಮನ್ನೇ ಹೊರಡಿಸಿಕೊಂಡು ಹೋಗಿ, ಆ ಹಾರೋದು ಇದೆಯಲ್ಲ, ಅದನ್ನ ಹೇಳ್ಕೊಟ್ಟಿದ್ದು ನಾನು ಎಂದು ಆ ಮೇಷ್ಟ್ರುಗಳ ಹತ್ತಿರವೆಲ್ಲ ಕೊಚ್ಚಿಕೊಂಡ ಡ್ರಿಲ್ ಮೇಷ್ಟ್ರಲ್ಲವಾ ಅವರು.

ಕತ್ತರಿ ಕೆಳಗಿಟ್ಟು,
ಅಮ್ಮ


ಮಾರ್ಚ್ ೨೪

ಅಮ್ಮಾ,

ಶನಿವಾರದವಳಿಗೂ ಭಾನುವಾರದವಳಿಗೂ ನನ್ನ ನಮಸ್ಕಾರ ಹೇಳು. ಹೇಳಬೇಡ. ನಿನ್ನ ಕಾಗದ ನಿರ್ದೇಶಕರಿಗೆ ಓದಿ ಹೇಳಿದೆ, ಅಡುಗೆ ಮುಗಿಸಿ ಬರುವ ಮಾತಿಗೆ ಅವರು ನಗಲಿಲ್ಲ. ನಾನು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನರ್ಸ್ ಮತ್ತೇನಾದರೂ ಹೇಳಿದಳಾ? ಅವಳನ್ನು ಕೆದಕಬೇಡ, ಪಾಪ.

ಅಪ್ಪನನ್ನು ಕರೆದುಕೊಂಡು ಹೋಗಬೇಡ. ಆ ಥಿಯೇಟರಿನಲ್ಲಿ ಮೆಟ್ಟಿಲು ಜಾಸ್ತಿ. ಏನಾದರೂ ಹೇಳಿ ಸಮಾಧಾನ ಮಾಡು. ಈ ಸಲ ನಾನು ಎಲ್ಲೂ ಹಾರುವುದಿಲ್ಲ ಅನ್ನು.

ನಿನ್ನ
ಬುಗುರಿ


ಏಪ್ರಿಲ್ ೬

ಬುಗುರಿ,

ಆ ಥಿಯೇಟರಿನ ಮೆಟ್ಟಿಲು ಒಡೆದು ಇಳಿಜಾರು ಕಟ್ಟಿ ಎಷ್ಟೋ ಕಾಲವಾಯಿತು. ನನಗೆ ತಲೆನೋವು ಅಂತೀಯ, ಅವರಿಗೆ ಮೆಟ್ಟಿಲು ಅಂತೀಯ. ಇಬ್ಬರನ್ನೂ ಬಾಗಿಲಲ್ಲೇ ತಡೆಯಲು ಇಷ್ಟು ಒದ್ದಾಡುತ್ತಿರುವುದು ಯಾಕೆ ಎಂದು ನನಗೆ ಕುತೂಹಲ ಹುಟ್ಟಿತು. ಬಣ್ಣದ ಡಬ್ಬಿ ತರುತ್ತೇನೆ ಎಂದು ಸುಳ್ಳು ಹೇಳಿ ಮಧ್ಯಾಹ್ನದ ಆಟಕ್ಕೆ ಹೋದೆ.

ನೀನು ಬಲಗಾಲು ಎಳೆದೆ. ಎಳೆಯುವ ಮೊದಲು ಒಂದು ಕ್ಷಣ ನಿಂತು, ಆ ಕಾಲಿಗೆ ಹೇಳಿ ಕಳಿಸಿದ ಹಾಗೆ ಕಾದೆ. ಬಲಗೈಯನ್ನು ಎದೆಗೆ ಮಡಚಿಕೊಂಡು ಎಡಗೈಯಿಂದ ಗೋಡೆ ಸವರಿಕೊಂಡು ಬಂದೆ. ಹೆಬ್ಬೆರಳನ್ನು ಒಳಗೆ ಮುಚ್ಚಿಕೊಂಡಿದ್ದೆ. ಅದನ್ನೂ ಬಿಡಲಿಲ್ಲವಲ್ಲೇ ನೀನು. ರಬ್ಬರು ಮೆತ್ತಿದರೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ದಿನಾ ಆ ಕೈಗೆ ಎಣ್ಣೆ ತಿಕ್ಕುವವಳು ನಾನು.

ನನ್ನ ಹಿಂದಿನ ಸಾಲಿನಲ್ಲಿ ಯಾರೋ ಕಿಟಾರನೆ ಕಿರುಚಿದರು. ಮುಂದೆ ಕೂತಿದ್ದ ಗುಂಪು ನಗುತ್ತಿತ್ತು. ಆಟ ಬಿಟ್ಟ ಮೇಲೆ ಅವರಲ್ಲೊಬ್ಬ ಹೊರಗಿನ ಗೋಡೆ ಹಿಡಿದುಕೊಂಡು ಹಾಗೇ ನಡೆದು ತೋರಿಸಿದ, ಉಳಿದವರು ಚಪ್ಪಾಳೆ ತಟ್ಟಿದರು. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆಮೇಲೆ ನಿನ್ನ ಕೆನ್ನೆಗೆ ಅನ್ನಿಸಿತು.

ನರ್ಸಿನ ಸಿಟ್ಟು ಈಗ ಅರ್ಥವಾಯಿತು. ಭಾನುವಾರದವಳ ಅಳುವೂ ಅರ್ಥವಾಯಿತು, ಅವಳ ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ನನ್ನ ಗೂಢಚಾರಿಕೆ ಇಲ್ಲಿಗೆ ಮುಗಿಯಿತು.

ಥಿಯೇಟರಿನಿಂದ ಸಿನಿಮಾ ತೆಗೆದುಬಿಟ್ಟರು ಎಂದು ಅಪ್ಪನಿಗೆ ಹೇಳಿದ್ದೇನೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡು ಕೈ ಕೆಳಗಿಳಿಸಿದರು. ಇಡೀ ಊರಿನ ಮಕ್ಕಳಿಗೆ ನಡೆಯಲು ಕಲಿಸಿದ ಮನುಷ್ಯ. ಈಗ ಬೀದಿಯಲ್ಲಿ ಹೋಗಲು ಸಂಕೋಚಪಟ್ಟು ಮನೆಯೊಳಗೇ ಗೋಡೆಯಿಂದ ಗೋಡೆಗೆ ನಡೆಯುತ್ತಾರೆ. ಅವರಿಗೆ ತಾನು ಭೂತದ ಹಾಗೆ ಕಾಣುತ್ತೇನೆ ಎಂದು ಗೊತ್ತಾದರೆ ಮನೆಯೊಳಗೂ ನಡೆಯುವುದಿಲ್ಲ. ಆಮೇಲೆ ಅವರನ್ನು ಎಬ್ಬಿಸಲು ನಿನ್ನಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ.

ಅಮ್ಮ


ಮೇ ೧

ಅಮ್ಮಾ,

ಈ ಕಾಗದವನ್ನು ಎಷ್ಟು ಸಲ ಶುರುಮಾಡಿ ಹರಿದೆನೋ ಲೆಕ್ಕವಿಲ್ಲ. ಕೊನೆಗೆ ಇದ್ದದ್ದು ಇದ್ದ ಹಾಗೆ ಬರೆಯೋಣ ಎಂದು ಕೂತಿದ್ದೇನೆ.

ಗಾಯಗೊಂಡ ಪ್ರಾಣಿಗೆ ಒಂದು ನಡಿಗೆ ಹುಡುಕು ಎಂದು ನಿರ್ದೇಶಕರು ಹೇಳಿದ್ದರು. ಮುದಿ ನಾಯಿಯ ಹಾಗೆ ನಡೆದೆ, ಕುಡುಕನ ಹಾಗೆ ನಡೆದೆ, ಒಂದು ಕಾಲು ಮುರಿದ ಕುರ್ಚಿಯ ಹಾಗೂ ನಡೆದೆ. ಎಲ್ಲವೂ ನಾಟಕವಾಗಿ ಕಾಣುತ್ತಿತ್ತು. ಒಂದು ಸಂಜೆ ಸುಸ್ತಾಗಿ, ಚರ್ಮ ಕಳಚುವಷ್ಟು ಪುರುಸೊತ್ತಿಲ್ಲದೆ, ಹಾಗೇ ನೀರು ಕುಡಿಯಲು ಗೋಡೆ ಹಿಡಿದುಕೊಂಡು ಹೋಗುತ್ತಿದ್ದೆ. ಹಿಂದಿನಿಂದ ನಿರ್ದೇಶಕರು, "ಈಗ ಮಾಡಿದೆಯಲ್ಲ, ಅದೇ. ಅದನ್ನೇ ಮಾಡು," ಅಂದರು. ಅದು ಯಾರ ನಡಿಗೆ ಎಂದು ನನ್ನ ಕಾಲಿಗೆ ನನಗಿಂತ ಮೊದಲೇ ಗೊತ್ತಿತ್ತು. ಬೇಡ ಅನ್ನಬಹುದಿತ್ತು. ಹೂಂ ಅಂದೆ.

ಹೋದ ವರ್ಷ ಆಸ್ಪತ್ರೆಯಿಂದ ಅವರನ್ನು ಕರೆದುಕೊಂಡು ಬಂದ ಮೇಲೆ ನಾನು ಒಂದು ತಿಂಗಳು ಇದ್ದೆನಲ್ಲ, ನಡುಮನೆಯಲ್ಲಿ ಮಲಗುತ್ತಿದ್ದೆ. ಬೆಳಗ್ಗೆ ನೀನು ಸ್ನಾನಕ್ಕೆ ಹೋದಾಗ ಅಪ್ಪ ಒಬ್ಬರೇ ಎದ್ದು ಹಾಸಿಗೆಯಿಂದ ಕಿಟಕಿಯವರೆಗೆ ಹೋಗುತ್ತಿದ್ದರು. ನಾನು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡು, ಅರೆಗಣ್ಣಲ್ಲಿ ನೋಡುತ್ತಿದ್ದೆ. ಎದ್ದು ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನನಗೆ ಅಳುವೂ ಬರಲಿಲ್ಲ ಅಮ್ಮಾ. ಕಾಲಿಗೆ ಹೇಗೆ ಹೇಳುತ್ತಾರೆ, ಅದು ಯಾವಾಗ ಕೇಳುತ್ತದೆ, ಕೇಳದಿದ್ದಾಗ ಏನು ಮಾಡುತ್ತಾರೆ, ಇದನ್ನೆಲ್ಲ ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ನನ್ನ ಎದೆಯಲ್ಲಿ ಏನೋ ಕೆಟ್ಟುಹೋಗಿದೆ ಎಂದು ಆಗ ಹೆದರಿದ್ದೆ. ಆ ಕಾರಿಡಾರಿನಲ್ಲಿ ನಡೆದ ದಿನ ಆ ಹೆದರಿಕೆ ಹೋಯಿತು. ಫೋನಿನಲ್ಲಿ ಆಗದಿದ್ದ ಮಾತನ್ನು ಆ ದಿನ ಅವರ ಜತೆ ಪೂರ್ತಿ ಆಡಿದ ಹಾಗಾಯಿತು. ಚರ್ಮದೊಳಗೆ ನಾನು ಅಳುತ್ತಿದ್ದೆ, ಅದು ಯಾರಿಗೂ ಕಾಣಲಿಲ್ಲ.

ಆ ನಗುವಿಗೆ, ಆ ಕಿರುಚಾಟಕ್ಕೆ ನನ್ನನ್ನು ಎಷ್ಟು ಬೇಕಾದರೂ ಬೈ. ನಡಿಗೆಗೆ ಮಾತ್ರ ಕ್ಷಮೆ ಕೇಳು ಅನ್ನಬೇಡ, ಕೇಳಿದರೆ ಅದು ಸುಳ್ಳಾಗುತ್ತದೆ. ಮೂರನೇ ಭಾಗ ಬೇಡ ಅನ್ನು, ಈ ಕ್ಷಣವೇ ಬಿಡುತ್ತೇನೆ. ಅಪ್ಪನಿಗೆ ಹೇಳಬೇಕೋ ಬೇಡವೋ ನೀನೇ ತೀರ್ಮಾನ ಮಾಡು, ನನಗೆ ಧೈರ್ಯ ಸಾಲದು.

ಬುಗುರಿ


ಮೇ ೧೯

ಬುಗುರಿ,

ತೀರ್ಮಾನ ಮಾಡಲು ನನ್ನ ಕೈಯಲ್ಲಿ ಏನೂ ಉಳಿದಿಲ್ಲ. ಅವರು ನೋಡಿಬಿಟ್ಟರು.

ತಪ್ಪು ನನ್ನದೇ. ಸಿನಿಮಾ ತೆಗೆದರು ಎಂದು ಅವರಿಗೆ ಹೇಳಿದೆ, ಆದರೆ ಅದನ್ನು ತೆಗೆಯುವ ಲಕ್ಷಣವೇ ಇಲ್ಲ. ಜಗಳ ತೀರಿಸಿಕೊಳ್ಳಲು ಜನ ಎರಡನೇ ಸಲ ಹೋಗುತ್ತಿದ್ದಾರೆ, ಹೋಗಿ ಬಂದು ಪಾರ್ಲರಿನಲ್ಲಿ ಕೂತು ಮತ್ತೆ ಕಿತ್ತಾಡುತ್ತಾರೆ. ಪಾರ್ಲರಿಗೂ ಅವರ ಹಾಸಿಗೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವರಿಗೆ ಹೋಗಿದ್ದು ಮಾತು, ಕಿವಿಯಲ್ಲ. ಮಾತಾಡದ ಮನುಷ್ಯನಿಗೆ ಕೇಳುವುದೂ ಇಲ್ಲ ಎನ್ನುವ ಹಾಗೆ ಇದ್ದುಬಿಟ್ಟೆನಲ್ಲ, ಇಷ್ಟು ದಿನ ಅವರ ಪಕ್ಕದಲ್ಲೇ ಇದ್ದು. ಆ ಶನಿವಾರದವಳು, ಭಾನುವಾರದವಳು, ನರ್ಸು, ಎಲ್ಲರನ್ನೂ ಅವರು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಾರೆ.

ನಾನು ಸಾಮಾನು ತರಲು ಹೋಗಿ ಬರುವಷ್ಟರಲ್ಲಿ ಅವರ ಕುರ್ಚಿ ಖಾಲಿ. ಅಕ್ಕಪಕ್ಕದ ಮನೆಯೆಲ್ಲ ಹುಡುಕಿದೆ. ಬೀದಿಗೆ ಓಡಿದರೆ ಥಿಯೇಟರಿನ ಕಡೆಯಿಂದ ಒಬ್ಬರೇ ಬರುತ್ತಿದ್ದಾರೆ, ಅಂಗಡಿಗಳ ಗೋಡೆ ಸವರಿಕೊಂಡು. ಬೀದಿಯಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ನನ್ನ ಹತ್ತಿರ ಬಂದು ಜೇಬಿನಿಂದ ಹರಿದ ಟಿಕೆಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಏನಾದರೂ ಹೇಳಲಿ ಎಂದು ಕಾದರು. ನನಗೂ ಅವರ ಹಾಗೇ ಆಯಿತು, ಮಾತು ಸಿಗಲಿಲ್ಲ.

ಅದಾದ ಮೇಲೆ ನನ್ನೆದುರು ಒಂದು ಹೆಜ್ಜೆ ಇಟ್ಟಿಲ್ಲ. ನಾನು ಕೆಲಸಕ್ಕೆ ಹೋಗುವತನಕ ಕೂತೇ ಇರುತ್ತಾರೆ. ಆಮೇಲೆ ಹಲಗೆಯ ಆ ಕಡೆಯಿಂದ ಸದ್ದು ಬರುತ್ತದೆ, ಒಂದು ಸಲ ಧಡ್ಡೆಂದು ಬಿದ್ದ ಸದ್ದೂ ಬಂತು. ಓಡಿಹೋದರೆ ಕೈಸನ್ನೆಯಲ್ಲೇ ಹೊರಗೆ ಹೋಗು ಎಂದರು. ವಾರದ ರಜೆಯ ದಿನ ಪಾರ್ಲರಿನ ಬೀಗ ತೆಗೆಸಿದರು. ಅಲ್ಲಿನ ಉದ್ದ ಕನ್ನಡಿಯ ಎದುರಿದ್ದ ಕುರ್ಚಿಯನ್ನು ಪಕ್ಕಕ್ಕೆ ಎಳೆಸಿ, ನನ್ನನ್ನು ಹೊರಗೆ ಕಳಿಸಿದರು. ನಾನು ಪರದೆ ಸರಿಸಿ ಇಣುಕಿದೆ, ಸುಳ್ಳು ಯಾಕೆ ಹೇಳಲಿ. ಕನ್ನಡಿಯ ಕಡೆ ನಡೆದು ಬರುತ್ತಾರೆ, ಹಿಂದೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಬೆನ್ನು ಕಾಣುತ್ತಿತ್ತು, ಮುಖ ಕಾಣಲಿಲ್ಲ. ಸಿಟ್ಟೋ, ದುಃಖವೋ, ಏನೂ ಗೊತ್ತಾಗದೆ ನನಗೆ ಭಯವಾಗಿದೆ.

ನಿನ್ನೆಯಿಂದ ಕಾಗದ ಪೆನ್ನು ಇಟ್ಟುಕೊಂಡಿದ್ದಾರೆ. ನಾನು ಹತ್ತಿರ ಹೋದರೆ ಪರೀಕ್ಷೆ ಬರೆಯುವ ಮಕ್ಕಳ ಹಾಗೆ ಮೊಣಕೈ ಅಡ್ಡ ಇಡುತ್ತಾರೆ. ಬರೆದು ಮುಗಿಸಿದ ಮೇಲೆ ಅವರೆದುರಿಗೇ ಲಕೋಟೆ ಅಂಟಿಸಿ ಕಳಿಸುತ್ತೇನೆ, ಓದುವುದಿಲ್ಲ. ಏನು ಬರೆದಿದ್ದರೂ ಓದಿಕೋ. ನನ್ನ ಸಿಟ್ಟು ಇಳಿದಿದೆ ಎಂದು ಮಾತ್ರ ತಿಳಿದಿರು. ನಿನ್ನ ಕಾಗದವನ್ನು ಎಷ್ಟೋ ಸಲ ಓದಿದೆ.

ಅಮ್ಮ


ಜೂನ್ ೨

ಮಗಳಿಗೆ,

ಎಡಗೈ ಬರಹ. ನಿಧಾನವಾಗಿ ಓದು. ಬರೆಯುವಾಗ ಮಾತು ಸಿಗುತ್ತದೆ, ಕಾಯಬೇಕು. ಕೆಲವು ವಾಕ್ಯಕ್ಕೆ ಒಂದು ಇಡೀ ಬೆಳಗ್ಗೆ ಹಿಡಿಯಿತು.

ಸಿನಿಮಾ ನೋಡಿದೆ. ಕಾರಿಡಾರಿನಲ್ಲಿ ನೀನು ಮೊದಲ ಹೆಜ್ಜೆ ಇಟ್ಟ ಕೂಡಲೇ ಗೊತ್ತಾಯಿತು. ಸಿಟ್ಟು ಬಂತು. ಎದ್ದುಹೋಗೋಣ ಎಂದುಕೊಂಡೆ. ಎದ್ದರೆ ಜನಕ್ಕೆ ಪರದೆಯ ಮೇಲೊಂದು, ಕೆಳಗೊಂದು, ಒಂದೇ ನಡಿಗೆ ಎರಡು ಕಾಣುತ್ತಿತ್ತು. ಕೂತೆ.

ಹಿಂದಿನವರು ನಕ್ಕರು. ಪಕ್ಕದ ಹೆಂಗಸು ಅತ್ತಳು. ನಾನು ಎರಡೂ ಮಾಡಲಿಲ್ಲ. ಕಾಲು ನೋಡುತ್ತಿದ್ದೆ, ಹಳೆಯ ಅಭ್ಯಾಸ. ಚೆನ್ನಾಗಿ ನೋಡಿಕೊಂಡಿದ್ದೀಯ. ಬೀದಿಯಲ್ಲಿ ನಾನು ಬಂದರೆ ಜನ ಬೇರೆ ಕಡೆ ನೋಡುತ್ತಾರೆ. ಮರ್ಯಾದೆಗೆ ಹಾಗೆ ಮಾಡುತ್ತಾರೆ, ನನಗೆ ಗೊತ್ತು. ಆದರೆ ನನಗೆ ನಾನು ಇಲ್ಲವೇನೋ ಅನ್ನಿಸುತ್ತದೆ. ಆ ಥಿಯೇಟರಿನಲ್ಲಿ ನಕ್ಕವರೂ ಕಣ್ಣು ಕೀಳಲಿಲ್ಲ, ಅತ್ತವರೂ ಕೀಳಲಿಲ್ಲ. ಅಷ್ಟು ಜನ ನನ್ನ ನಡಿಗೆಯನ್ನು ಕೊನೆಯವರೆಗೆ ನೋಡಿದ್ದು ಅದೇ ಮೊದಲು.

ಒಂದು ತಪ್ಪು ಕಂಡಿತು. ನೀನು ತಲೆ ತಗ್ಗಿಸಿ ನೆಲ ನೋಡಿಕೊಂಡು ನಡೆದೆ. ನಾನು ಹಾಗೆ ನಡೆಯುವುದಿಲ್ಲ ಎಂದುಕೊಂಡೆ. ತಲೆ ಎತ್ತಿ ಎಂದು ಇಡೀ ಜೀವಮಾನ ಮೈದಾನದಲ್ಲಿ ಕೂಗಿದವನು ನಾನು. ಇದನ್ನು ಬರೆದು ತಿದ್ದಿಸಬೇಕು ಎಂದು ಕನ್ನಡಿಯ ಮುಂದೆ ನಡೆದು ನೋಡಿದೆ. ನೀನೇ ಸರಿ. ನೆಲವನ್ನೇ ನೋಡುತ್ತೇನೆ. ನನಗೆ ಗೊತ್ತೇ ಇರಲಿಲ್ಲ.

ಈಗ ಅಭ್ಯಾಸ ಮಾಡುತ್ತಿದ್ದೇನೆ. ತಲೆ ಎತ್ತಿದರೆ ಕಾಲು ತಪ್ಪುತ್ತದೆ. ಒಂದು ಸಲ ಬಿದ್ದೆ. ಅಮ್ಮ ಹೆದರುತ್ತಾಳೆ ಎಂದು ಅವಳಿಗೆ ತೋರಿಸುವುದಿಲ್ಲ. ಕಿಟಕಿಯವರೆಗೆ ತಲೆ ಎತ್ತಿಕೊಂಡೇ ಹೋಗಲು ಈಗ ಬರುತ್ತದೆ.

ಹೋದ ವರ್ಷ ಬೆಳಗ್ಗೆ ನೀನು ಎಚ್ಚರವಾಗಿರುತ್ತಿದ್ದದ್ದು ನನಗೆ ಗೊತ್ತಿತ್ತು. ನಿದ್ದೆಯ ನಟನೆಯಲ್ಲಿ ನೀನು ಚಿಕ್ಕಂದಿನಿಂದಲೂ ದಡ್ಡಿ. ನೀನು ಎದ್ದು ಬಂದು ಕೈ ಹಿಡಿಯದೆ ಇದ್ದದ್ದು ಒಳ್ಳೆಯದಾಯಿತು. ನೀನು ನೋಡುತ್ತಿದ್ದೀಯ ಎಂದೇ ನಾನು ಬೀಳದೆ ಹೋಗಿ ಬರುತ್ತಿದ್ದೆ.

ಮೂರನೇ ಭಾಗ ಮಾಡುವುದು ಬಿಡುವುದು ನಿನ್ನಿಷ್ಟ. ಮಾಡುವುದಾದರೆ ಸಹಿ ಹಾಕುವ ಮೊದಲು ಇಲ್ಲಿಗೆ ಬಾ. ನಿನ್ನ ಹತ್ತಿರ ಇರುವುದು ಹಳೆಯ ನಡಿಗೆ.

ಬಂದಾಗ ಒಂದೇ ಸಲ ಬೆಲ್ ಒತ್ತು. ಬಾಗಿಲು ನಾನೇ ತೆಗೆಯುತ್ತೇನೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ನಿಂತಿರು.

ಅಪ್ಪ